ಶ್ರಾವಣದ ಮೀನು

ಹೋದ ವಾರ ಇಚಲಕರಂಜಿಯ ನಮ್ಮ ಓಣಿಗೆ ಡಾಂಬರು ಹಾಕಿದರು. ಕುದಿಯುವ ಡಾಂಬರಿನ ವಾಸನೆಗೆ ಅಕ್ಕಪಕ್ಕದವರು ಮೂಗಿಗೆ ಸೆರಗು ಹಿಡಿದು ಕದ ಮುಚ್ಚಿಕೊಂಡರು. ನಾನು ಕಿಟಕಿ ತೆರೆದು ನಿಂತೆ. ನನಗದು ನಮ್ಮ ದೋಣಿಯ ವಾಸನೆ. ಬೇಸಿಗೆಯಲ್ಲಿ ಅಪ್ಪ ದೋಣಿಯನ್ನು ದಂಡೆಗೆಳೆದು ಬೋರಲು ಹಾಕಿ, ಹಲಗೆಗಳ ಸಂದಿಗೆ ಹೀಗೆಯೇ ಡಾಂಬರು ಕಾಸಿ ಬಳಿಯುತ್ತಿದ್ದ. ಉದಗಾಂವದ ಹತ್ತಿರ ಕೃಷ್ಣೆಯ ದಂಡೆಯಲ್ಲಿ ನಮ್ಮ ಗುಡಿಸಲಿತ್ತು. ಜನರನ್ನು ಆಚೆ ದಡಕ್ಕೆ ದಾಟಿಸುವುದು ಅಪ್ಪನ ಕೆಲಸ. ಯಡ್ರಾವದ ಮಗ್ಗದವರು ಕಲೆ ಬಿದ್ದಿದೆಯೆಂದು ತೆಗೆದಿಟ್ಟ ಬಟ್ಟೆ ತಂದು ಅವ್ವ ಹಾಯಿ ಹೊಲಿದಿದ್ದಳು. ಹೊಳೆ ಏರಿ ಗುಡಿಸಲಿಗೆ ನೀರು ಬಂದಾಗಲೆಲ್ಲ ನಮ್ಮ ಸಂಸಾರ ದೋಣಿ ಏರುತ್ತಿತ್ತು. ಹಾಯಿಯೇ ಮಾಡು, ಹಲಗೆಯೇ ಹಾಸಿಗೆ. ಆಗಷ್ಟೇ ಬಲೆಯಿಂದ ಬಿಡಿಸಿದ ಮೀನು ಬೆಳ್ಳುಳ್ಳಿ ಖಾರ ಹಚ್ಚಿಸಿಕೊಂಡು ಇದ್ದಿಲಿನ ಶೆಗಡಿಯ ಮೇಲೆ ಚುರುಗುಟ್ಟುವಾಗ ನನಗೆ ಗುಡಿಸಲಿನ ನೆನಪೇ ಆಗುತ್ತಿರಲಿಲ್ಲ. ಮೀನಿನ ತಲೆ ಮಾತ್ರ ಆಯಿಯದು, ಅಂದರೆ ಅಪ್ಪನ ತಾಯಿಯದು. ಕಣ್ಣು ಮುಚ್ಚಿ ಚೀಪುತ್ತ, "ಇದರಾಗಿನ ರುಚಿ ನಿಮಗೆಲ್ಲಿ ತಿಳೀತೈತಿ ಬಿಡ್ರಿ" ಎನ್ನುತ್ತಿದ್ದಳು.

ನನಗೆ ಒಂಬತ್ತು ವರ್ಷವಾದಾಗ ನೆರೆ ಶ್ರಾವಣದಲ್ಲಿಯೇ ಬಂತು. ತಂಗಿ ಎರಡು ತಿಂಗಳ ಕೂಸು. ಶಿರೋಳದ ಕಡೆಯ ದಿಬ್ಬ ಮುಟ್ಟಬೇಕೆಂದು ಹೊರಟ ಅಪ್ಪನ ಕೈಯಲ್ಲಿ ಹುಟ್ಟು ಮುರಿಯಿತು, ಗಾಳಿಯೂ ಎದುರಾಗಿತ್ತು. ಮುಳುಗಿದ ಕಬ್ಬಿನ ಹೊಲದ ನಡುವೆ ಒಂದು ಆಲದ ಮರದ ನೆತ್ತಿಗೆ ದೋಣಿ ಕಟ್ಟಿದ. ಹಗ್ಗ ಬಿಚ್ಚಿದರೆ ಸೆಳವು ಒಯ್ಯುತ್ತದೆ, ಬಿಚ್ಚದಿದ್ದರೆ ಅಲ್ಲೇ ಕೂರಬೇಕು. ಸುತ್ತಲೂ ಕೆಂಪು ನೀರು, ಮೇಲೆ ಅದೇ ಬಣ್ಣದ ಮುಗಿಲು. ಕಾಲು ಚಾಚಿದರೆ ಒಬ್ಬರಿಗೊಬ್ಬರು ತಗಲುತ್ತಿದ್ದೆವು. ಹಿಟ್ಟು ನೆನೆದು ಹುಳಿಯಿತು. ಉಪ್ಪು ಖಾರದ ಡಬ್ಬಿ ಉಳಿದಿತ್ತು, ಇದ್ದಿಲು ಒಣಗಿಯೇ ಇತ್ತು, ಹಾಯಿಯಿಂದ ಸೋರಿದ ಮಳೆನೀರು ಕುಡಿಯಲು ಸಿಕ್ಕಿತು. ದೇವರು ಅಷ್ಟಾದರೂ ಕೊಟ್ಟಿದ್ದ. ಮೀನಿಗಂತೂ ಬರವಿರಲಿಲ್ಲ. ಅಪ್ಪ ಸುಟ್ಟ, ಅವನೂ ನಾನೂ ತಿಂದೆವು. ಆದರೆ ಆಯಿ ಶ್ರಾವಣ ಹಿಡಿದವಳು, ಆ ತಿಂಗಳು ಮೀನಿನ ವಾಸನೆಗೂ ಮುಖ ತಿರುಗಿಸುವಳು. ಅತ್ತೆ ಹಿಡಿದ ನೇಮವನ್ನು ಸೊಸೆ ಮುರಿಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವರಿಬ್ಬರೂ ತಿನ್ನುತ್ತಿದ್ದ ಗಂಟಿನ ಚುರುಮುರಿ ಎರಡನೆಯ ದಿನಕ್ಕೇ ಮುಗಿಯಿತು.

ಮೂರನೆಯ ದಿನ ಅವ್ವನ ಎದೆಹಾಲು ಬತ್ತಿತು. ಕೂಸು ಬೆಳಗಿನಿಂದ ಅತ್ತಿತು, ಮಧ್ಯಾಹ್ನದ ಹೊತ್ತಿಗೆ ಅಳುವುದನ್ನೂ ಬಿಟ್ಟಿತು.

"ತಿನ್ನವಾ, ಕೂಸಿನ ಪಾಪ ನನಗ ಬ್ಯಾಡ" ಎಂದಳು ಆಯಿ.

"ನೀವು ತಿಂದ್ರ ನಾನೂ ತಿಂತೇನ್ರಿ ಅತ್ತಿ."

"ಇಷ್ಟ ಹಟ ಯಾರ ಕಲಿಸ್ಯಾರ ನಿನಗ?"

"ನೀವ ಕಲಿಸಿದ್ದಲ್ರಿ."

ಅಷ್ಟರಲ್ಲೂ ಅಪ್ಪನಿಗೆ ನಗು ಬಂತು. ಆಯಿ ನಗಲಿಲ್ಲ. ದೋಣಿಯ ಮೂತಿಗೆ ಕಟ್ಟಿದ್ದ ಮನೆದೇವರು ಮಲ್ಲಯ್ಯನ ಫೋಟೋದ ಹತ್ತಿರ ತೆವಳಿಕೊಂಡು ಹೋಗಿ, ತನ್ನ ತಲೆಯ ವಸ್ತ್ರ ತೆಗೆದು ಅದರ ಮೇಲೆ ಹೊದಿಸಿದಳು. "ಒಂದೀಟ ಕಣ್ಣ ಮುಚ್ಚಿಕೋ ನನ್ನಪ್ಪಾ" ಎಂದಳು. ನಂತರ ತಾಟು ಎಳೆದುಕೊಂಡು ಒಂದು ತುತ್ತು ಬಾಯಿಗಿಟ್ಟುಕೊಂಡಳು. ಅವಳ ಗಂಟಲು ಅದನ್ನು ಇಳಿಸಲು ಪಟ್ಟ ಪಾಡು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ನಾ ತಿಂದೇನಿ, ಈಗ ನೀ ತಿನ್ನ" ಎಂದಳು. ಅವ್ವ ಅಳುತ್ತಲೇ ತಿಂದಳು. ಮರುದಿನ ಬೆಳಿಗ್ಗೆ ತಂಗಿ ಚೀಪುವ ಸದ್ದು ಕೇಳಿತು. ಐದನೆಯ ದಿನ ಇನ್ನೊಂದು ದೋಣಿ ಬಂದು ನಮ್ಮನ್ನು ಬಿಡಿಸಿತು.

ಶ್ರಾವಣ ಮುಗಿದ ಮೇಲೆ ಅವ್ವ ಎಂದಿನಂತೆ ಮೀನಿನ ತಲೆ ತೆಗೆದಿಟ್ಟಳು. ಆಯಿ ತಾಟು ಸರಿಸಿದಳು. "ನೇಮ ಮುರದೇನಿ. ಇನ್ನ ಮೀನ ಮುಟ್ಟಾಂಗಿಲ್ಲ" ಎಂದಳು. ಸಾಯುವ ತನಕ ಮುಟ್ಟಲಿಲ್ಲ. ಅವಳು ತೆತ್ತದ್ದು ಎಷ್ಟೆಂದು ನನಗೆ ಆಗ ತಿಳಿಯಲಿಲ್ಲ, ತಲೆ ನನಗೆ ಸಿಕ್ಕಿತೆಂದು ಖುಷಿಪಟ್ಟಿದ್ದೆ.

ಈಗ ಆಯಿ ಇಲ್ಲ, ಅಪ್ಪ ಅವ್ವ ಇಲ್ಲ. ಜನ ಸೇತುವೆ ಮೇಲೆ ದಾಟುತ್ತಾರೆ, ದೋಣಿಯ ಹಲಗೆ ಯಾರ ಒಲೆಗೆ ಹೋಯಿತೋ. ತಂಗಿ ಗಡಹಿಂಗ್ಲಜದಲ್ಲಿ ಮೊಮ್ಮಕ್ಕಳ ನಡುವೆ ಗಟ್ಟಿಮುಟ್ಟಾಗಿದ್ದಾಳೆ. ಇದಕ್ಕಿಂತ ನಾನು ಕೇಳಿಕೊಳ್ಳುವುದೇನಿದೆ. ಎರಡು ಖೋಲಿಯ ನನ್ನ ಮನೆಯಲ್ಲಿ ಅಡಿಗೆಯೂ ದೇವರೂ ಒಂದೇ ಕಡೆ. ಮೀನು ಮಾಡಿದ ದಿನ ದೇವರ ಮುಂದೆ ಪರದೆ ಎಳೆಯುತ್ತೇನೆ. ಶ್ರಾವಣ ಕಳೆದ ಮೊದಲ ಮೀನಿನ ದಿನ ಮಾತ್ರ ಎಳೆಯುವುದಿಲ್ಲ. ತಲೆಯ ತುಂಡನ್ನು ಆಯಿಯ ಹೆಸರಿನಲ್ಲಿ ತಾಟಿಗೆ ಹಾಕಿ ಮಲ್ಲಯ್ಯನ ಎದುರಿಗೇ ಇಡುತ್ತೇನೆ. ಅಂದು ಕಣ್ಣು ಮುಚ್ಚಿಕೊಂಡಿದ್ದನಲ್ಲ, ಈಗಲಾದರೂ ನೋಡಲಿ.