ಜಂತಿ ಎಣಿಸಿದ ಟೇಲರ್ ಅಕ್ಕ

ಮೊನ್ನೆ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಬಂಡಿಯವನು ಮಿರ್ಚಿ ಕರಿಯುತ್ತಿದ್ದ. ಮಂದಿಯ ಬಾಯಲ್ಲಿ ನೀರೂರಿಸುವ ಆ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ದಾಟಿದೆ. ಮಿರ್ಚಿಯದೇನೂ ತಪ್ಪಿಲ್ಲ, ಪಾಪ. ಅದರ ಜೊತೆ ನೆನಪಾಗುವ ಜನರದು...

ನಮ್ಮ ಎದುರು ಮನೆಯಲ್ಲಿ ಟೇಲರ್ ಅಕ್ಕ ಇದ್ದಳು. ಓಣಿಯ ಹೆಂಗಸರ ಜಂಪರೆಲ್ಲ ಆಕೆ ಹೊಲಿದವೇ. ಗಂಡ ತೀರಿಕೊಂಡ ಮೇಲೆ ಮಿಷನ್ನು ಮತ್ತು ಕಾದಂಬರಿ, ಎರಡೇ ಜೊತೆ. ಸಂಜೆ ಮಿಷನ್ ಮುಚ್ಚಿಟ್ಟು ಊರಿನ ಟ್ರಸ್ಟಿನ ಲೈಬ್ರರಿಗೆ ಹೋಗುತ್ತಿದ್ದಳು. ಸೀರೆ ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುವ ಹಾಗೆ ರ‍್ಯಾಕಿನ ಪುಸ್ತಕಗಳ ಹಾಳೆ ಮುಟ್ಟಿ ನೋಡಿ ಒಂದನ್ನು ಆರಿಸಿ ತರುತ್ತಿದ್ದಳು.

"ಇವು ಇಲ್ದಿದ್ರ ನಾ ಯಾರ ಕೂಡ ಮಾತಾಡ್ಲಿ, ತಮ್ಮಾ?" ಅನ್ನುತ್ತಿದ್ದಳು.

ಆ ಲೈಬ್ರರಿಗೆ ವೆಬ್‌ಸೈಟ್ ಬಂತು. ಇನ್ನು ರ‍್ಯಾಕಿಗೆ ಕೈ ಹಾಕುವಂತಿಲ್ಲ. ವೆಬ್‌ಸೈಟಿನಲ್ಲಿ ಹುಡುಕಿ ಬುಕ್ ಮಾಡಿದವರಿಗೆ ಮಾತ್ರ ಪುಸ್ತಕವಂತೆ. ಅದು ಜನರಿಗೆ ಸುಲಭವಾಗಿದೆಯೋ ಇಲ್ಲವೋ ಪರೀಕ್ಷಿಸಲು, ತಯಾರಿಸಿದ ಕಂಪನಿಯ ಹುಡುಗಿಯೊಬ್ಬಳು ಬಂದಳು. ಕೆಲವು ಓದುಗರನ್ನು ಕರೆದರು. ನಾನೂ ಅಕ್ಕನೂ ಹೋದೆವು.

"ಯಾರೂ ಹೇಳಿಕೊಡಬೇಡಿ. ಇವರು ಎಲ್ಲಿ ಎಡವುತ್ತಾರೆ ಅಂತ ನೋಡೋಕೇ ನಾನು ಬಂದಿರೋದು" ಅಂದಳು ಆ ಹುಡುಗಿ. ನ್ಯಾಯವಾದ ಮಾತು!

ಆದರೆ ಟ್ರಸ್ಟಿನ ಅಧ್ಯಕ್ಷರು ಮೊದಲು ಎಲ್ಲರಿಗೂ ಮಂಡಕ್ಕಿ ಮಿರ್ಚಿ ಹಂಚಿಸಿದರು. ತಿಂದವರು ಒಬ್ಬೊಬ್ಬರೇ ಕಂಪ್ಯೂಟರ್ ಮುಂದೆ ಕೂತರು, ತಡಕಾಡಿದರು, ಏನೂ ಸಿಗದೆ ಎದ್ದರು. ಹೇಗಿದೆ ಅಂತ ಕೇಳಿದರೆ, "ಬಾಳ ಚೊಲೊ ಐತ್ರಿ!" ಬೀಗರ ಮನೆಯ ಸಪ್ಪನೆ ಸಾರನ್ನು ಹೊಗಳುವ ಹಾಗೆ. ಉಂಡ ಮನಿ ಜಂತಿ ಎಣಿಸಬಾರದಲ್ಲ! ಕೂತು ನೋಡುತ್ತಿದ್ದ ನನಗೆ ಮೈ ಉರಿಯಿತು.

ಅಕ್ಕ ತಟ್ಟೆ ಮುಟ್ಟಿರಲಿಲ್ಲ. ತನಗೆ ಬೇಕಾದ ಕಾದಂಬರಿಯ ಹೆಸರನ್ನು ಕನ್ನಡದಲ್ಲಿ ಒತ್ತಿದಳು. ಪುಸ್ತಕವಿಲ್ಲ ಅಂತ ಬಂತು. ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ತುಂಬಿದ್ದರು, ಪುಣ್ಯಾತ್ಮರು! ಪುಸ್ತಕ ನೋಡಿದರೆ ಎದುರಿನ ರ‍್ಯಾಕಿನಲ್ಲೇ ಇತ್ತು. ಹಿಂದಿನಿಂದ ಅಧ್ಯಕ್ಷರು ಕೈ ಚಾಚಿ ಮೌಸ್ ಕಿತ್ತುಕೊಂಡರು. "ಹಿಂಗ ಒತ್ತಬೇಕವ್ವ."

"ನೀವ ಒತ್ತಿದ್ರ ನಿಮ್ಮ ಪರೀಕ್ಷಿ ಆತ್ರಿ, ನಂದಲ್ಲ" ಅಂದಳು ಅಕ್ಕ. "ನಾ ಇನ್ನೂ ನಿಮ್ಮ ಮಿರ್ಚಿ ತಿಂದಿಲ್ಲ, ಅದಕ್ಕ ಖರೇ ಹೇಳ್ತೀನಿ. ಇದರಾಗ ನನಗ ಪುಸ್ತಕ ಸಿಗಂಗಿಲ್ಲ."

"ಜಂಪರ್ ಹೊಲಿಯಾಕಿಗೆ ಏನ್ ತಿಳಿತೈತಿ ಬಿಡ್ರಿ!" ಅಧ್ಯಕ್ಷರು ನಕ್ಕರು. ಏನೂ ಸಿಗದೆ ಎದ್ದಿದ್ದರಲ್ಲ, ಅವರೂ ಬಾಯಿ ಒರೆಸಿಕೊಳ್ಳುತ್ತ ನಕ್ಕರು. ಥೂ! ಆಕೆ ಹೇಳೋದು ಖರೇ ಐತ್ರಿ ಅಂತ ನಾನು ಕೂಗಿದ್ದನ್ನು ಯಾರು ಕೇಳಬೇಕು? ನನ್ನ ಪಾಳಿ ಬರುವ ಮೊದಲೇ ಪರೀಕ್ಷೆ ಮುಗಿಸಿ, ಎಲ್ಲರೂ ಒಪ್ಪಿದರು ಅಂತ ಸಾರಿಬಿಟ್ಟರು. ಆ ಹುಡುಗಿ ತಲೆ ತಗ್ಗಿಸಿಕೊಂಡು ಹೋದಳು.

ಹೊಸ ಪದ್ಧತಿ ಶುರುವಾದ ಮೇಲೆ ಅಕ್ಕ ಒಮ್ಮೆ ಹೋದಳು. ಕೌಂಟರಿನವನು ಪುಸ್ತಕದ ರ‍್ಯಾಕಿಗೇ ಬೆನ್ನು ಕೊಟ್ಟು ನಿಂತು, "ಬುಕ್ ಆಗಿಲ್ರಿ" ಅಂದನಂತೆ. ನನ್ನ ಫೋನಿನಲ್ಲಿ ಮಾಡಿಕೊಡುತ್ತೇನೆ ಅಂದೆ.

"ಬ್ಯಾಡ ತಮ್ಮಾ. ನನ್ನ ಪುಸ್ತಕ ನಾ ಆರಿಸಿಕೊಂತಿದ್ದೆ. ಈಗ ಒಬ್ಬರ ಕೈಲೆ ಬೇಡಿ ಓದಂಗಿಲ್ಲ."

ಆಮೇಲೆ ಸಂಜೆ ಮಿಷನ್ ಮುಚ್ಚಿಟ್ಟು ಸುಮ್ಮನೆ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಮಾತೂ ಕಡಿಮೆಯಾಯಿತು... ಹೋದ ವರ್ಷ ತೀರಿಕೊಂಡಳು.

ಮೊನ್ನೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬಂದು, ಯಾಕೋ ಆ ವೆಬ್‌ಸೈಟ್ ತೆಗೆದೆ. ಮೊದಲ ಪುಟದಲ್ಲೇ ಅಕ್ಕನ ಫೋಟೊ! ಆ ಪರೀಕ್ಷೆಯ ದಿನ ತೆಗೆದದ್ದು, ಕಂಪ್ಯೂಟರ್ ಮುಂದೆ ಕೂತಿದ್ದಾಳೆ. ಕೆಳಗೆ, "ಎಲ್ಲರಿಗೂ ಸುಲಭ. ನೀವೂ ಬನ್ನಿ." ಅಧ್ಯಕ್ಷರಿಗೆ ಫೋನ್ ಹಚ್ಚಿ, ಆಕೆ ತೀರಿಕೊಂಡಿದ್ದಾಳೆ, ಅದನ್ನು ತೆಗೆಯಿರಿ ಅಂದೆ.

"ಹೌದೇನ್ರಿ? ಪಾಪ. ಆದ್ರ ಫೋಟೊ ಬಾಳ ಚೊಲೊ ಬಂದೈತಿ, ಇರ್ಲಿ ಬಿಡ್ರಿ" ಅಂದರು.

ಹೇಸಿಗೆಯಾಯಿತು. ಎದುರು ಮನೆಗೆ ಬೀಗ ಬಿದ್ದಿದೆ, ಅಕ್ಕ ಇಲ್ಲ. ತಾವೇ ಬರಿಗೈಲಿ ವಾಪಸ್ ಕಳಿಸಿದ ಆಕೆಯಿಂದಲೇ ಈಗ ಊರಿನವರನ್ನೆಲ್ಲ ಬರ್ರಿ ಅಂತ ಕರೆಸುತ್ತಿದ್ದಾರೆ.