ತಿರುಗಿ ಹೇಳಿ ಗೌಡ್ರೆ

ಬೈರಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು ಅಂತ ಊರಿನವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ಇಪ್ಪತ್ತೆರಡು ವರ್ಷ ಆ ಸಿಟ್ಟು ಅವನ ಹೊಟ್ಟೆಯೊಳಗೇ ಇತ್ತು. ಅದು ಮೂಗಿಗೆ ಹತ್ತಿದ್ದು ಸಾವಿರದ ಒಂಬೈನೂರ ಅರವತ್ತೆರಡನೇ ಇಸವಿ ಆಗಸ್ಟ್ ಒಂಬತ್ತರ ಸಂಜೆ, ಅವನ ಅವ್ವ ಬೆಟ್ಟಮ್ಮ ಮುದ್ದೆ ಇಕ್ಕುತ್ತಾ ಆಡಿದ ಒಂದು ಮಾತಿಗೆ.

"ಅವತ್ತೊಂದು ಉದ್ದನೆ ಲಕೋಟೆ ಬಂದಿತ್ತಲ್ಲ, ಅದು ನಿಂದಾ ಮಗ? ನಿಮ್ಮಪ್ಪ ಎಬ್ಬೆಟ್ಟು ಒತ್ತಿ ಇಸ್ಕಂಡಿತ್ತು."

ತುತ್ತು ಕೈಯಲ್ಲೇ ಉಳಿಯಿತು. ಆ ಲಕೋಟೆಗಾಗಿ ಅವನು ನಾಲ್ಕು ತಿಂಗಳಿಂದ ಬಾಯಿ ಬಾಯಿ ಬಿಡುತ್ತಿದ್ದ. ಅರಕಲಗೂಡು ತಾಲ್ಲೂಕಿನ ಮುತ್ತಿಗೆಕೊಪ್ಪಲಿನ ಕೇರಿಯಿಂದ ಎಸ್ಸೆಸ್ಸೆಲ್ಸಿ ಪಾಸಾದವನು ಅವನೊಬ್ಬನೇ. ಹಾಸನದ ಹಾಸ್ಟೆಲಿನಲ್ಲಿ ನೀರುಸಾರು ಕುಡಿದು ಓದಿದವನು ಅಲ್ಲಿಗೆ ಬರುತ್ತಿದ್ದ ಪೇಪರಿನಲ್ಲೇ ಜಾಹೀರಾತು ನೋಡಿದ್ದ. ಯಾವ ವಿಮಾನ ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಅಂತ ಹೇಳುವ ಕಚೇರಿಗೆ ಸಹಾಯಕರು ಬೇಕು. ಅರ್ಜಿ ಹಾಕಿ, ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದ. ಉತ್ತರ ಬರುವವರೆಗೆ ಹೊಟ್ಟೆಪಾಡು ನಡೆಯಬೇಕಲ್ಲ? ಪುಟ್ಟರಾಜೇಗೌಡರ ಹೊಗೆಸೊಪ್ಪು ಬೇಯಿಸುವ ಮನೆಯ ಒಲೆಗೆ ಸೌದೆ ಒಟ್ಟುತ್ತಾ ಕಾದಿದ್ದ.

ಅಪ್ಪ ದ್ಯಾವಯ್ಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ.

"ಕಾಗದ ಎಲ್ಲಪ್ಪ?"

"ನೀನು ಗೌಡ್ರ ಗಾಡಿ ಒಡ್ಕಂಡು ಒಳೆನರಸೀಪುರಕ್ಕೆ ಓಗಿದ್ಯಲ್ಲ, ಅವತ್ತು ಬಂತು. ಸರ್ಕಾರದ ಮೊಹರಿತ್ತು ಕಣಪ್ಪ. ನಮ್ಮ ಗುಡ್ಲಲ್ಲಿ ಇಲಿ ಗಿಲಿ ತಿಂದಾತು ಅಂತ ಗೌಡ್ರ ಪೆಟ್ಟಿಗೇಲಿ ಮಡಗಿಸ್ದೆ."

ಇದೊಂದು ಪದ್ಧತಿ. ಆ ಊರಿನ ಪೋಸ್ಟಾಫೀಸು ಅಂದರೆ ಪುಟ್ಟರಾಜೇಗೌಡರ ಜಗಲಿ. ಪೋಸ್ಟ್ ಮಾಸ್ಟರು ಅಂದರೂ ಅವರೇ. ಟಪ್ಪಾಲು ಕೇರಿಯೊಳಕ್ಕೆ ಕಾಲಿಡುವುದಿಲ್ಲ, ಕೇರಿಯವರೇ ಹೋಗಿ ಅಂಗಳದಲ್ಲಿ ನಿಲ್ಲಬೇಕು. ಸರ್ಕಾರ ಕೊಟ್ಟ ಅರ್ಧ ಎಕರೆ ಹಕ್ಕುಪತ್ರವಿರಲಿ, ಮಿಲಿಟರಿಗೆ ಹೋದ ಮಗನ ಕಾಗದವಿರಲಿ, ಕೇರಿಯ ಗುಡಿಸಲಿನಲ್ಲಿ ಇಟ್ಟರೆ ಸುಟ್ಟೀತು, ನೆನೆದೀತು ಅಂತ ಗೌಡರ ಪೆಟ್ಟಿಗೆಗೇ ಹೋಗುತ್ತಿತ್ತು. ತಾತನ ಕಾಲದಿಂದ ಹೀಗೇ. ಕುರಿ ಕಾಯಲು ತೋಳನನ್ನು ಇಟ್ಟುಕೊಂಡು ತೋಳನಿಗೇ ಕೈ ಮುಗಿಯುತ್ತಿದ್ದ ಜನ!

"ಏನು ಬರೆದದೆ ಅಂತ ಕೇಳ್ನಿಲ್ವಾ?"

"ಕೇಳ್ದೆ ಕಣ. ಆಮೇಲೆ ಏಳ್ತೀನಿ ಓಗು ಅಂದ್ರು."

"ಆಮೇಲೆ?"

ದ್ಯಾವಯ್ಯ ಮಗನ ಮುಖ ನೋಡಿದ. "ಗೌಡ್ರನ್ನ ತಿರುಗ ಕೇಳಾಕಾಯ್ತದ?"

ಬೈರಯ್ಯ ತಟ್ಟೆ ತಳ್ಳಿ ಎದ್ದ. ಅಪ್ಪನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಗೌಡರಿಗಿಂತ ಅಪ್ಪನ ಮೇಲೇ ಆ ಹೊತ್ತು ಅವನಿಗೆ ಹೆಚ್ಚು ಉರಿ.

ಗೌಡರು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. "ಓ, ಅದಾ? ಮರ್ತೇಬುಟ್ಟಿದ್ದೆ ಕಣ್ಲಾ," ಅಂದು ಪೆಟ್ಟಿಗೆಯಿಂದ ಲಕೋಟೆ ತೆಗೆದರು. ಅದು ಆಗಲೇ ಒಡೆದಿತ್ತು. "ಸೊಪ್ಪು ಬೇಯ್ಸೋದು ಮುಗೀಲಿ, ಆಮೇಲೆ ಏಳಾನ ಅಂತಿದ್ದೆ. ಇಮಾನ ಎಲ್ಗೋದಾತು?"

ಒಂದೇ ಉಸಿರಿನಲ್ಲಿ ಮರೆತದ್ದೂ ಅವರೇ, ನೆನಪಿಟ್ಟುಕೊಂಡದ್ದೂ ಅವರೇ. ಕಾಗದ ಬಂದದ್ದು ಜುಲೈ ಇಪ್ಪತ್ತಮೂರಕ್ಕೆ. ಕೆಲಸಕ್ಕೆ ಹಾಜರಾಗಬೇಕಾದದ್ದು ಮೂವತ್ತಕ್ಕೆ. ಹದಿನೇಳು ದಿನ ಅವನ ಹೊಟ್ಟೆಯ ಅನ್ನ ಆ ಪೆಟ್ಟಿಗೆಯಲ್ಲಿ ಬಿದ್ದಿತ್ತು, ಅವನು ದಿನಾ ಅದರ ಮುಂದೆಯೇ ಸೌದೆ ಹೊತ್ತು ಓಡಾಡುತ್ತಿದ್ದ. ಬೈಯಬೇಕು ಅಂತ ಬಾಯಿ ತೆಗೆದ. ಹೊರಬಂದ ಮಾತು ಒಂದೇ.

"ಹೂಂ ಬುದ್ಧಿ."

ಇದನ್ನು ಅವನು ಸಾಯುವವರೆಗೂ ಮರೆಯಲಿಲ್ಲ. ಗೌಡರು ಮಾಡಿದ್ದಕ್ಕಿಂತ ತನ್ನ ಬಾಯಿ ಮಾಡಿದ ದ್ರೋಹವೇ ಅವನನ್ನು ಹೆಚ್ಚು ಸುಟ್ಟದ್ದು.

ಮಾರನೇ ದಿನ ಕೋಳಿ ಕೂಗುವ ಹೊತ್ತಿಗೆ ಅರಕಲಗೂಡಿಗೆ ನಡೆದು, ಮೊದಲ ಬಸ್ಸು ಹತ್ತಿ ಹಾಸನ, ಅಲ್ಲಿಂದ ಚನ್ನರಾಯಪಟ್ಟಣದ ಮೇಲೆ ಬೆಂಗಳೂರು ಸೇರಿದ. ಏರೋಡ್ರೋಮಿನ ಅಧಿಕಾರಿ ಮದರಾಸಿನ ಕಡೆಯವರು, ಮುಖದಲ್ಲಿ ನಗು ಅನ್ನುವುದೇ ಇಲ್ಲ. ಕಾಗದ ನೋಡಿ, "ಹನ್ನೊಂದು ದಿನ ತಡ. ಯಾಕೆ?" ಅಂದರು. ಬೈರಯ್ಯ ತನಗೆ ಬರುವ ಇಂಗ್ಲಿಷಿನಲ್ಲಿ ಪೆಟ್ಟಿಗೆಯ ಕಥೆ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡು, ಎಲ್ಲವನ್ನೂ ತಾರೀಖು ಸಮೇತ ಬರೆಸಿಕೊಂಡು, ಮೇಲಿನವರಿಗೆ ಫೋನು ಮಾಡಿ ಸೇರಿಸಿಕೊಂಡರು. ಆದರೆ ಕಾನೂನು ಕಾನೂನೇ. ಪರೀಕ್ಷೆಯಲ್ಲಿ ಮೂರನೆಯವನಾಗಿ ಬಂದಿದ್ದವನ ಹೆಸರು, ತಡವಾಗಿ ಸೇರಿದ್ದಕ್ಕೆ, ಹದಿನಾಲ್ಕು ಜನರ ಪಟ್ಟಿಯಲ್ಲಿ ಕಟ್ಟಕಡೆಗೆ ಹೋಯಿತು. ಮುಂದಿನ ತರಬೇತಿ, ಬಡ್ತಿ ಎಲ್ಲದಕ್ಕೂ ಆ ಹದಿಮೂರು ಜನರ ಬೆನ್ನು ನೋಡುತ್ತಾ ನಿಲ್ಲಬೇಕು. ಕೇರಿಯವನಿಗೆ ಅದೇನು ಹೊಸ ಜಾಗವೇ ಅಂತ ಅವನು ಹಲ್ಲು ಕಚ್ಚಿದ.

ಕೆಲಸ ಏರೋಡ್ರೋಮಿನ ಗೋಪುರದ ಮೇಲೆ, ಸುತ್ತಲೂ ಗಾಜು. ವಿಮಾನದವರ ಜೊತೆ ಮಾತಾಡುವವರು ಗೋಪುರದ ಅಧಿಕಾರಿ. ಸಹಾಯಕ ಪಕ್ಕದಲ್ಲಿ ಕೂತು ಬೇರೆ ಊರುಗಳಿಂದ ಬರುವ ಫೋನು ಕೇಳಿ, ಯಾವ ವಿಮಾನ ಎಷ್ಟು ಗಂಟೆಗೆ ಹೊರಟಿತು, ಎಷ್ಟು ಎತ್ತರದಲ್ಲಿ ಬರುತ್ತಿದೆ ಅಂತ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಬರೆದು ಅವರ ಮುಂದಿಡಬೇಕು. ಮೊದಲ ವಾರವೇ ಎಡವಟ್ಟಾಯಿತು. ಮದರಾಸಿನಿಂದ ಫೋನು ಬಂತು. ಬೈರಯ್ಯ ಕೇಳಿದ, ಒಂದಕ್ಷರ ತಪ್ಪದೆ ಬರೆದುಕೊಂಡ, "ಎಸ್ ಸಾರ್" ಅಂದು ಇಟ್ಟ. ಫೋನು ಮತ್ತೆ ಕಿರುಚಿತು. ಮತ್ತೆ ಕೇಳಿದ, ಮತ್ತೆ "ಎಸ್ ಸಾರ್". ಮೂರನೇ ಸಲ ಅಧಿಕಾರಿಯೇ ಫೋನು ಕಿತ್ತುಕೊಂಡರು.

"ಕೇಳಿದ್ದನ್ನು ತಿರುಗಿ ಹೇಳಯ್ಯ! ನೀನು ತಿರುಗಿ ಹೇಳುವ ತನಕ ಅವನು ಹೇಳಿದ್ದು ನಿನಗೆ ಮುಟ್ಟಿಲ್ಲ ಅಂತಲೇ ಲೆಕ್ಕ. ಹೂಂ ಅಂದರೆ ಇಲ್ಲಿ ಯಾರೂ ನಂಬಲ್ಲ. ಹೂಂ ಅಂದವನನ್ನು ನಂಬಿದರೆ ಆಕಾಶದಲ್ಲಿ ಜನ ಸಾಯ್ತಾರೆ."

ದೊಡ್ಡವರು ಹೇಳಿದ್ದನ್ನು ತಿರುಗಿ ಹೇಳುವುದು! ಮುತ್ತಿಗೆಕೊಪ್ಪಲಿನಲ್ಲಿ ಅದಕ್ಕೆ ಎದುರಾಡುವುದು ಅನ್ನುತ್ತಾರೆ, ಕೆನ್ನೆಗೆ ಬೀಳುತ್ತದೆ. ಕೇರಿಯಲ್ಲಿ ಹುಟ್ಟಿದ ಮಗು ಅವ್ವ ಅನ್ನುವುದಕ್ಕೂ ಮೊದಲು ಹೂಂ ಅನ್ನಲು ಕಲಿಯುತ್ತದೆ. ಬೈರಯ್ಯ ಎರಡು ತಿಂಗಳು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಅಭ್ಯಾಸ ಮಾಡಿದ. ನಾಲಿಗೆ ತಿರುಗಿತು. ಆಮೇಲೆ ಆ ಗೋಪುರದಲ್ಲಿ ಅವನಷ್ಟು ಗಟ್ಟಿಯಾಗಿ ತಿರುಗಿ ಹೇಳುವವರು ಇನ್ನೊಬ್ಬರಿರಲಿಲ್ಲ. ಹಾಗೆ ಹೇಳುವಾಗೆಲ್ಲ "ಗೌಡ್ರನ್ನ ತಿರುಗ ಕೇಳಾಕಾಯ್ತದ" ಅಂದ ಅಪ್ಪನ ಮಾತು ಕಿವಿಗೆ ಬಡಿಯುತ್ತಿತ್ತು, ಸಿಟ್ಟು ಕುದಿಯುತ್ತಿತ್ತು.

ಮಾರನೇ ವರ್ಷ ಮೊದಲ ರಜೆಗೆ ಊರಿಗೆ ಬಂದ. ಬಂದವನೇ ಅಪ್ಪನನ್ನೂ, ಪಕ್ಕದ ಗುಡಿಸಲಿನ ಮುದುಕಿ ಸಣ್ಣಕ್ಕನನ್ನೂ, ಕೇರಿಯ ಇನ್ನಷ್ಟು ಜನರನ್ನೂ ಎಬ್ಬಿಸಿಕೊಂಡು ಗೌಡರ ಅಂಗಳಕ್ಕೆ ಹೋದ. ಜೇಬಿನಿಂದ ಒಂದು ಅರ್ಜಿ ತೆಗೆದ.

"ಗೌಡ್ರೆ," ಅಂದ. ಬುದ್ಧಿ ಅನ್ನಲಿಲ್ಲ, ಅಂಗಳದಲ್ಲಿದ್ದವರಿಗೆಲ್ಲ ಅದು ಕೇಳಿಸಿತು. "ರಿಜಿಸ್ಟರ್ ಕಾಗದ ಒಡೆದು ಓದಿ, ಹದಿನೇಳು ದಿನ ಮಡಗಿದ್ರಿ. ಪೋಸ್ಟಾಫೀಸಿನ ಮೇಲಿನವರಿಗೆ ದೂರು ಬರ್ದಿದೀನಿ. ಟಪ್ಪಾಲಿಗೆ ಹಾಕಾನ ಅಂದ್ರೆ ಡಬ್ಬ ನಿಮ್ಮ ಜಗಲೀಲೇ ಅದೆ. ಹಾಕ್ಲಾ, ಇಲ್ಲಾ ಅರಕಲಗೂಡಿಗೆ ಹೋಗಿ ಹಾಕ್ಲಾ?"

ಗೌಡರ ಮುಖ ಸಪ್ಪೆಯಾಯಿತು. "ಈಗೇನ್ಲಾ ಮಾಡು ಅಂತೀಯ?"

"ಕೇರಿಯೋರ ಕಾಗದ ಎಲ್ಲ ಆಚೆ ತೆಗೀರಿ."

ಪೆಟ್ಟಿಗೆ ತೆರೆಯಿತು. ಬೈರಯ್ಯ ಜಗಲಿಯ ಮೇಲೆ ಕೂತು ಒಂದೊಂದನ್ನೂ ಓದಿದ, ಓದಿ ಆಯಾ ಮನೆಯವರಿಂದ ತಿರುಗಿ ಹೇಳಿಸಿ ಕೈಗೆ ಕೊಟ್ಟ. ಸಣ್ಣಕ್ಕನ ಕಾಗದ ಮಿಲಿಟರಿಗೆ ಹೋಗಿದ್ದ ಮಗನದು, ಆರು ವರ್ಷ ಹಳೆಯದು. ಕಾಯಿಲೆಯಾಗಿದೆ, ಒಂದು ಸಲ ಬಂದು ನೋಡು ಅವ್ವ ಅಂತ ಬರೆದಿದ್ದ. ಮಗ ಆ ವರ್ಷವೇ ಸತ್ತಿದ್ದ, ಆ ಸುದ್ದಿಯೊಂದೇ ಅವಳಿಗೆ ಮುಟ್ಟಿತ್ತು. ಮುದುಕಿ "ಬಂದು ನೋಡವ್ವ" ಅಂತ ತಿರುಗಿ ಹೇಳಿ ಅಲ್ಲೇ ಕುಸಿದು ಕೂತಳು. ಬೈರಯ್ಯನಿಗೆ ಅನ್ನಿಸಿತು, ತನ್ನ ಹನ್ನೊಂದು ದಿನ ಯಾವ ಲೆಕ್ಕ?

"ಗೌಡ್ರೆ, ಇನ್ಮೇಲೆ ಕೇರಿ ಕಾಗದ ಕೇರಿಗೇ ಬತ್ತದೆ. ತಿರುಗಿ ಹೇಳಿ."

ಗೌಡರು ಕಂಬ ನೋಡಿದರು.

"ಕೇರಿ ಕಾಗದ ಕೇರಿಗೇ ಬತ್ತದೆ. ತಿರುಗಿ ಹೇಳಿ ಗೌಡ್ರೆ!"

"ಹೂಂ ಕಣ್ಲಾ, ಆಯ್ತು ಓಗು."

"ಹೂಂ ಅಂದ್ರೆ ನಾನು ನಂಬಲ್ಲ."

ಆಗ ಅಂಗಳದ ಹಿಂದಿನಿಂದ, ನಡುವಿಗೆ ಸುತ್ತಿದ್ದ ಟವಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುತ್ತಾ ದ್ಯಾವಯ್ಯ ಮುಂದೆ ಬಂದ.

"ಕೇರಿ ಕಾಗದ ಕೇರಿಗೇ ಬತ್ತದೆ," ಅಂದ. ಆಮೇಲೆ ಗೌಡರ ಮುಖವನ್ನೇ ನೋಡುತ್ತಾ, "ತಿರುಗಿ ಏಳಿ ಗೌಡ್ರೆ," ಅಂದ.

ಗೌಡರು ಹೇಳಿದರು. ಬೈರಯ್ಯ, ಗೋಪುರದಲ್ಲಿ ಬರೆಯುವ ಹಾಗೆ, ಅರ್ಜಿಯ ಬೆನ್ನಿಗೆ ಹತ್ತು ಗಂಟೆ ಹದಿನೇಳು ನಿಮಿಷ ಅಂತ ಬರೆದುಕೊಂಡ. ಆದರೂ ಸಣ್ಣಕ್ಕನನ್ನು ಎತ್ತಿ ನಿಲ್ಲಿಸುವಾಗ ಅವನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಅವತ್ತೇ ಅರಕಲಗೂಡಿಗೆ ನಡೆದು ಆ ಅರ್ಜಿಯನ್ನು ಟಪ್ಪಾಲಿಗೆ ಹಾಕಿದ.