ಜಗುಲಿಯ ಮೇಲೆ ಕೂತವರು

ನಮ್ಮ ಕಡೆ ಸಾಲ ವಸೂಲಿಗೆ ಬಂದವರಿಗೂ ಕಾಫಿ ಕೊಡಬೇಕು. ಮನೆ ಬಾಗಿಲಿಗೆ ಬಂದವರನ್ನು ಬರಿಬಾಯಲ್ಲಿ ಕಳಿಸಬಾರದು ಎನ್ನುವ ಮರ್ಯಾದೆ, ಮರ್ಯಾದೆ ಕಳೆಯಲು ಬಂದವರಿಗೂ ಸಲ್ಲುತ್ತದೆ. ಇದನ್ನು ನಾನು ಎರಡು ಕಡೆಯಿಂದಲೂ ನೋಡಿದ್ದೇನೆ. ಒಮ್ಮೆ ಕಾಫಿ ಕಾಯಿಸಿದ ಮನೆಯವಳಾಗಿ, ಒಮ್ಮೆ ಕುಡಿದವಳಾಗಿ.

ಆಗ ನನಗೆ ಇಪ್ಪತ್ತೆರಡು ವರ್ಷ. ಗುಡೇಮಾರನಹಳ್ಳಿ ಕಡೆಯ ನಮ್ಮೂರಿಂದ ದಿನಾ ಗಾರ್ಮೆಂಟ್ಸ್ ವ್ಯಾನು ಹತ್ತಿ ರಾಮನಗರದ ಕಡೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅಪ್ಪ ಇರಲಿಲ್ಲ. ಅವ್ವ ಒಂದೆಕರೆ ರಾಗಿ ಹೊಲ, ಎರಡು ಸೀಮೆಹಸು ಇಟ್ಟುಕೊಂಡು ಮನೆ ನಡೆಸುತ್ತಿದ್ದಳು. ವ್ಯಾನಿನಲ್ಲಿ ಕುರಿಗಳ ಹಾಗೆ ತುಂಬಿಕೊಂಡು ಹೋಗುವುದು ನನಗೆ ಅವಮಾನ ಅನ್ನಿಸುತ್ತಿತ್ತು. ನನಗೊಂದು ಕೆಂಪು ಸ್ಕೂಟರ್ ಬೇಕಿತ್ತು. ಕಂತಿನಲ್ಲಿ ಕೊಡುತ್ತೇವೆ, ಮುಂಗಡ ಮಾತ್ರ ಕಟ್ಟಿ ಅಂದರು ಶೋರೂಮಿನವರು. ಮುಂಗಡಕ್ಕೆ ಊರಿನ ಮಹಿಳಾ ಸಂಘದಲ್ಲಿ, ಹೊಲಿಗೆ ಯಂತ್ರ ತಗೋತೀನಿ ಎಂದು ಸುಳ್ಳು ಹೇಳಿ ಇನ್ನೊಂದು ಸಾಲ ಎತ್ತಿದೆ. ಉಳಿದ ದುಡ್ಡಲ್ಲಿ ಫೋನು ಬಂತು. ಕೆಂಗಲ್ ಹನುಮಂತರಾಯನ ಮುಂದೆ ಗಾಡಿಗೆ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಜಜ್ಜಿ, ಹೈವೇಯಲ್ಲಿ ದುಪಟ್ಟಾ ಹಾರಿಸಿಕೊಂಡು ಬಂದೆ. ಪೂಜೆ ಮಾಡಿಸಿದ್ದು ಗಾಡಿಗಲ್ಲ, ಎರಡು ಸಾಲಗಳಿಗೆ ಎನ್ನುವುದು ಆಗ ಹೊಳೆಯಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ. ಸೂಪರ್‌ವೈಸರ್ ಒಂದು ದಿನ ಎಲ್ಲರೆದುರು, ಹೊಲಿದ ಕಾಲರನ್ನು ನನ್ನ ಮುಖಕ್ಕೆ ಎಸೆದ. ನಾನು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ. ದಾರಿಯುದ್ದಕ್ಕೂ ನನ್ನ ಸ್ವಾಭಿಮಾನದ ಬಗ್ಗೆ ನನಗೇ ಹೆಮ್ಮೆ. ಮುಂದಿನ ತಿಂಗಳು ಸ್ವಾಭಿಮಾನದಿಂದ ಕಂತು ಕಟ್ಟಲಾಗಲಿಲ್ಲ.

ಸಂಘದ ನಿಯಮ ಸುಲಭ. ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಬೇಕು. ಹಾಗಾಗಿ ಯಾವ ಏಜೆಂಟೂ ಬರಬೇಕಾಗಿಲ್ಲ, ಪಕ್ಕದ ಮನೆಯವರೇ ಬರುತ್ತಾರೆ. ಒಂದು ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಸಂಘದ ಹೆಂಗಸರೆಲ್ಲ ಬಂದು ನಮ್ಮ ಜಗುಲಿಯ ಮೇಲೆ ಕೂತರು. ಬೈಯಲಿಲ್ಲ, ಕೂಗಾಡಲಿಲ್ಲ, ಸುಮ್ಮನೆ ಕೂತರು. ಬೀದಿಯಲ್ಲಿ ಹೋಗುವವರೆಲ್ಲ ಏನಮ್ಮಿ ಅಂತ ಕೇಳುವುದು, ಇವರು ನನ್ನ ಕಡೆ ಗದ್ದ ಎತ್ತಿ ತೋರಿಸುವುದು. ಅವರಲ್ಲಿ ಲೀಡರ್ ಅಂತ ಒಬ್ಬಳಿದ್ದಳು, ಅವ್ವನಿಗಿಂತ ಹತ್ತು ವರ್ಷ ದೊಡ್ಡವಳು.

"ನೋಡವ್ವ, ಕೊಟ್ಟೋನು ಕೋಡಂಗಿ, ಈಸ್ಕಂಡೋನು ಈರಭದ್ರ ಆಗ್ಬಾರ್ದು. ದುಡ್ಡು ಬರೋಗಂಟ ನಾವು ಎದ್ದೋಗಕಿಲ್ಲ" ಅಂದಳು.

ಅವ್ವ ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿ ತಂದಳು. ಲೀಡರ್ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಸಕ್ಕರೆ ಒಸಿ ಕಮ್ಮಿ ಆಯ್ತು."

ಮನೆಯಲ್ಲಿ ಸಕ್ಕರೆ ಮುಗಿದಿತ್ತು. ಅವ್ವ ಸೆರಗಿನಲ್ಲಿ ಬಟ್ಟಲು ಮುಚ್ಚಿಕೊಂಡು, ಬೀದಿಯವರೆಲ್ಲ ನೋಡುತ್ತಿರುವಾಗ, ಎದುರು ಮನೆಗೆ ಸಕ್ಕರೆ ಸಾಲ ಕೇಳಲು ಹೋದಳು. ನನಗೆ ಆ ಹೆಂಗಸಿನ ಕುತ್ತಿಗೆ ಹಿಚುಕಬೇಕು ಅನ್ನಿಸಿತು. ಎಂದಾದರೂ ನಾನು ಹೀಗೆ ಒಬ್ಬರ ಜಗುಲಿಯ ಮೇಲೆ ಕೂತರೆ ನನ್ನ ನಾಲಗೆ ಬಿದ್ದುಹೋಗಲಿ ಎಂದು ಬಾಗಿಲ ಸಂದಿಯಲ್ಲಿ ನಿಂತು ನನಗೆ ನಾನೇ ಶಾಪ ಹಾಕಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅವ್ವ ಕಿವಿಯ ಓಲೆ ಬಿಚ್ಚಿ ಮಾಗಡಿಯ ಗಿರವಿ ಅಂಗಡಿಗೆ ಹೋಗಿ ಬಂದಳು. ಹೆಂಗಸರು ದುಡ್ಡು ಎಣಿಸಿಕೊಂಡು, ಸೀರೆಯ ಧೂಳು ಕೊಡವಿಕೊಂಡು ಎದ್ದರು. ಓಲೆ ಮತ್ತೆ ಮನೆಗೆ ಬರಲಿಲ್ಲ. ಅವ್ವನ ಕಿವಿಯ ತೂತಿಗೆ ಇವತ್ತಿಗೂ ಬೇವಿನ ಕಡ್ಡಿಯೇ ಗತಿ.

ಸ್ಕೂಟರನ್ನು ಸಾಲ ಕೊಟ್ಟ ಕಂಪನಿಯವರು ಮಾಗಡಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಕೈಯಿಂದ ಕೀ ಕಿತ್ತುಕೊಂಡು ಒಯ್ದರು. ಅಲ್ಲೇ ನಿಂತು ಅತ್ತೆ. ಆದರೆ ಒಳಗೊಳಗೇ ನಿರಾಳವೂ ಆಯಿತು. ಗಾಡಿ ಹೋಯಿತು, ಸಾಲವೂ ಹೋಯಿತು ಅಂದುಕೊಂಡೆ. ಎಮ್ಮೆ ಕೊಂಡು ದುಡ್ಡು ಕೊಡಲಾಗದಿದ್ದರೆ ಎಮ್ಮೆಯನ್ನೇ ವಾಪಸ್ಸು ಕೊಟ್ಟರೆ ಮುಗಿಯಿತಲ್ಲ, ಹಾಗೆ. ಕಂಪನಿ ಗಾಡಿಯನ್ನು ಮೂರು ಕಾಸಿಗೆ ಹರಾಜು ಹಾಕಿ ಉಳಿದದ್ದನ್ನೆಲ್ಲ ನನ್ನ ಹೆಸರಿಗೇ ಬರೆದಿಟ್ಟಿದೆ, ಅದು ಹೊಟ್ಟೆಯೊಳಗಿನ ಹುಣ್ಣಿನ ಹಾಗೆ ವರ್ಷಗಟ್ಟಲೆ ಬೆಳೆಯುತ್ತಿದೆ ಎಂದು ನನಗೆ ಯಾರು ಹೇಳಬೇಕು?

ಹೇಳಿದ್ದು ಬ್ಯಾಂಕಿನ ಅಧಿಕಾರಿ. ಅಷ್ಟರಲ್ಲಿ ಹನ್ನೊಂದು ವರ್ಷ ಕಳೆದಿತ್ತು. ಮಾಗಡಿಯಲ್ಲಿ ಬಾಡಿಗೆಗೆ ಒಂದು ಗೂಡಂಗಡಿಯಂಥ ಮಳಿಗೆ ಹಿಡಿದು ರವಿಕೆ ಹೊಲಿಯುತ್ತಿದ್ದೆ, ಸೀರೆಗೆ ಕುಚ್ಚು ಕಟ್ಟುತ್ತಿದ್ದೆ. ರವಿಕೆಯ ಮೇಲೆ ಕಸೂತಿ ಹಾಕುವ ಕಂಪ್ಯೂಟರ್ ಯಂತ್ರ ಬಂದಿತ್ತು. ಮದುವೆ ಗಿರಾಕಿಗಳೆಲ್ಲ ಅದನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದರು. ಆ ಯಂತ್ರವಿಲ್ಲದಿದ್ದರೆ ಅಂಗಡಿ ಮುಚ್ಚುವುದೇ ಸರಿ ಎನ್ನುವಂತಾಗಿ ಸಾಲ ಕೇಳಲು ಹೋದೆ. ಅಧಿಕಾರಿ ನನ್ನ ಆಧಾರ್ ಸಂಖ್ಯೆ ಒತ್ತಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ನನ್ನ ಕೆಂಪು ಸ್ಕೂಟರ್ ಇತ್ತು.

"ಇದನ್ನು ಪೂರ್ತಿ ತೀರಿಸಿ. ಗಾಡಿ ಕಂಪನಿಯವರು ರಿಯಾಯಿತಿ ಕೊಡ್ತೀವಿ, ಅರ್ಧ ಕಟ್ಟಿ ಅಂತಾರೆ, ಒಪ್ಪಬೇಡಿ, ದಾಖಲೆಯಲ್ಲಿ ಆ ಕಲೆ ಹೋಗಲ್ಲ. ಆಮೇಲೆ ಸ್ವಸಹಾಯ ಗುಂಪು ಸೇರಿ. ಎರಡು ವರ್ಷ ಒಂದು ಕಂತೂ ತಪ್ಪಬಾರದು. ಆಮೇಲೆ ಬನ್ನಿ" ಅಂದರು.

ಹಾಗೇ ಮಾಡಿದೆ. ಪೂರ್ತಿ ತೀರಿಸಿ, ಬಾಕಿ ಇಲ್ಲ ಎಂಬ ಪತ್ರ ತಂದೆ. ನಮ್ಮ ಊರಿನಲ್ಲೇ ಹೊಸ ಗುಂಪು ಸೇರಿದೆ. ಮೊದಮೊದಲು ನನ್ನನ್ನು ಕಂಡರೆ ಸ್ಕೂಟರಮ್ಮ ಬಂದ್ಲು ಅಂತ ನಗುತ್ತಿದ್ದರು. ನಗಲಿ ಬಿಡಿ ಎಂದು ಹಲ್ಲು ಕಚ್ಚಿಕೊಂಡು ಎಲ್ಲರಿಗಿಂತ ಮೊದಲು ದುಡ್ಡು ತಂದಿಡುತ್ತಿದ್ದೆ. ನನ್ನ ಕಟ್ಟುನಿಟ್ಟು ನೋಡಿ ಕೊನೆಗೆ ನನ್ನನ್ನೇ ಲೀಡರ್ ಮಾಡಿದರು. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. ಸಾಲ ಕೊಡುವ ಮುಂಚೆ ಬ್ಯಾಂಕಿನವರು ನೋಡುವ ನನ್ನ ಸ್ಕೋರು ಏರುತ್ತಿತ್ತು. ಅದನ್ನು ಫೋನಿನಲ್ಲಿ ನೋಡುವುದು ನನಗೊಂದು ಚಟವೇ ಆಯಿತು. ಇನ್ನು ಒಂದೇ ಒಂದು ಕಂತು ಸರಿಯಾಗಿ ಹೋದರೆ ನನ್ನ ಎರಡು ವರ್ಷ ತುಂಬುತ್ತಿತ್ತು.

ಆ ಕಂತಿನ ತನ್ನ ಪಾಲನ್ನು ನಮ್ಮ ಗುಂಪಿನ ಒಬ್ಬ ಹುಡುಗಿ ತರಲಿಲ್ಲ. ಒಬ್ಬಳು ತಪ್ಪಿದರೂ ಕಲೆ ಇಡೀ ಗುಂಪಿಗೆ.

ಇಪ್ಪತ್ತಮೂರು ಇಪ್ಪತ್ನಾಲ್ಕರ ಹುಡುಗಿ, ಕಂಕುಳಲ್ಲಿ ಒಂದು ವರ್ಷದ ಕೂಸು, ಗಂಡ ಕನಕಪುರದ ಕಡೆ ಟಿಪ್ಪರ್ ಓಡಿಸುತ್ತಿದ್ದ. ಕಂಪನಿಯವರು ಮನೆ ಬಾಗಿಲಿಗೆ ಹೋಗಿ ಗಲಾಟೆ ಮಾಡುವ ಹಾಗಿಲ್ಲ ಅಂತ ಈಗ ಕಾನೂನು ಬಂದಿದೆ. ಪಕ್ಕದ ಮನೆಯವರು ಹೋಗಿ ಕೂರಬಾರದು ಅಂತ ಯಾವ ಕಾನೂನೂ ಹೇಳಿಲ್ಲ. ನಾಳೆ ಬ್ಯಾಂಕಿಗೆ ಕಟ್ಟುವ ದಿನ ಅನ್ನುವಾಗ ಬೆಳಿಗ್ಗೆ ನಾನೇ ಎಲ್ಲರನ್ನೂ ಕರೆದುಕೊಂಡು ಹೋದೆ. ಜಗುಲಿಯ ಮೇಲೆ ಕೂತೆವು.

"ಅಕ್ಕ, ಮಗೀಗೆ ಡೆಂಗಿ ಆಗಿ ರಾಮನಗರದಾಗೆ ಆಸ್ಪತ್ರೇಲಿ ಇಟ್ಕಂಡಿದ್ರು. ಇದ್ದುದ್ದನ್ನೆಲ್ಲ ಅಲ್ಲಿಗೇ ಸುರಿದ್ಬುಟ್ಟೆ. ಒಂದು ವಾರ ಟೈಮ್ ಕೊಡಿ ಅಕ್ಕ."

ಕೂಸಿನ ಮುಂಗೈಯಲ್ಲಿ ಸೂಜಿ ಚುಚ್ಚಿದ ಜಾಗ ಇನ್ನೂ ನೀಲಿಯಾಗಿತ್ತು. ನಾನು ನೋಡಿದೆ. ನಾನು ದುಡ್ಡು ಕಳೆದದ್ದು ಶೋಕಿಗೆ, ಇವಳು ಕಳೆದದ್ದು ಮಗುವಿನ ಜೀವಕ್ಕೆ ಎಂಬುದೂ ಗೊತ್ತಿತ್ತು. ನನ್ನ ಪರ್ಸಿನಲ್ಲಿ ಅವಳ ಕಂತಿನ ಎರಡರಷ್ಟು ದುಡ್ಡಿತ್ತು, ಯಂತ್ರದ ಮುಂಗಡಕ್ಕೆ ಎತ್ತಿಟ್ಟದ್ದು. ಅದನ್ನು ಮುಟ್ಟುವ ಯೋಚನೆ ಬಂತು, ಬಂದ ಹಾಗೇ ಹೋಯಿತು.

"ಬ್ಯಾಂಕ್ನೋರಿಗೆ ಡೆಂಗಿ ಗಿಂಗಿ ಗೊತ್ತಾಗಕಿಲ್ಲ ಕಣಮ್ಮಿ. ದುಡ್ಡು ಬರೋಗಂಟ ನಾವು ಎದ್ದೋಗಕಿಲ್ಲ" ಅಂದೆ.

ಅವಳು ಕೂಸನ್ನು ಚಾಪೆಯ ಮೇಲೆ ಕೂರಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಕಾಫಿ ಬಂತು. ಬಿಸಿಲು ಏರುತ್ತಿತ್ತು, ನನಗೆ ತಲೆ ಸಿಡಿಯುತ್ತಿತ್ತು. ಒಂದು ಗುಟುಕು ಕುಡಿದೆ.

"ಸಕ್ಕರೆ ಒಸಿ ಕಮ್ಮಿ ಆಯ್ತು."

ಮಾತು ಆಡಿದ ಮೇಲೆ ನನ್ನ ಕಿವಿಗೆ ಬಿತ್ತು. ನಾಲಗೆ ಬೀಳಲಿಲ್ಲ, ಬಾಯಲ್ಲೇ ಇತ್ತು. ಹುಡುಗಿ ನನ್ನ ಮುಖ ನೋಡಿದಳು. ಒಳಗಿನಿಂದ ಸಕ್ಕರೆ ಡಬ್ಬವನ್ನೇ ತಂದು ನನ್ನ ಮುಂದೆ ಇಟ್ಟು, ಕೂಸಿನ ಹತ್ತಿರ ಕೂತು, ಅದರ ಸೊಂಟದ ಬೆಳ್ಳಿ ಉಡಿದಾರ ಬಿಚ್ಚತೊಡಗಿದಳು. ಕೂಸು ಕಚಗುಳಿ ಇಡುತ್ತಿದ್ದಾಳೆ ಎಂದುಕೊಂಡು ಕೇಕೆ ಹಾಕಿ ನಕ್ಕಿತು. ಮಧ್ಯಾಹ್ನಕ್ಕೆ ದುಡ್ಡು ಬಂತು. ನಾನು ಎಣಿಸಿಕೊಂಡು, ಸೀರೆಯ ಧೂಳು ಕೊಡವಿಕೊಂಡು ಎದ್ದೆ.

ಯಂತ್ರದ ಸಾಲ ಮಂಜೂರಾಯಿತು. ನಿಮ್ಮಂಥ ಶಿಸ್ತಿನ ಗ್ರಾಹಕರು ಕಡಿಮೆ ಎಂದು ಅಧಿಕಾರಿ ಎದ್ದು ನಿಂತು ಹೇಳಿದರು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅವ್ವನಿಗೆ ನಡೆದದ್ದೆಲ್ಲ ಯಾರೋ ಹೇಳಿದ್ದರು. ಅವಳು ನಾನು ತಂದ ಪೇಡ ತಿಂದಳು, ಯಂತ್ರಕ್ಕೆ ಕುಂಕುಮ ಹಚ್ಚಿದಳು. ಓಲೆ ಮಾಡಿಸುತ್ತೇನೆ ಅಂದರೆ ಮಾತ್ರ, ಕಡ್ಡಿಯೇ ರೂಢಿ ಆಗೈತೆ ಬುಡು ಅಂತಾಳೆ.

ಆ ಹುಡುಗಿ ಈಗ ಗುಂಪಿಗೆ ಎಲ್ಲರಿಗಿಂತ ಮೊದಲು ಬಂದು ದುಡ್ಡಿಡುತ್ತಾಳೆ. ಅವಳಿಗೆ ಬುದ್ಧಿ ಬಂತು ಅಂತ ಹೆಂಗಸರು ಹೊಗಳುತ್ತಾರೆ. ಹೋದ ತಿಂಗಳು ರವಿಕೆ ಹೊಲಿಸಲು ನನ್ನ ಅಂಗಡಿಗೆ ಬಂದಿದ್ದಳು. ಅಳತೆ ಕೊಡುತ್ತಾ, ಸದ್ದು ಮಾಡುತ್ತಿದ್ದ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದಳು.

"ಇದರ ಕಂತು ಭಾರಿ ಇರ್ಬೇಕಲ್ವಾ ಅಕ್ಕ?"

"ಹೂಂ ಕಣಮ್ಮಿ" ಅಂದೆ.

"ಮುಂದಿನ ವರ್ಷ ನನ್ನೇ ಲೀಡರ್ ಮಾಡ್ತಾರಂತೆ" ಎಂದು ನಕ್ಕಳು. ನಗು ಚೆನ್ನಾಗಿತ್ತು, ನಿಜವಾದ ನಗುವೇ. "ಗುಂಪಿನ ಕಂತು ಯಾವಾಗಾರ ತಪ್ಪುದ್ರೆ ಹೆದರ್ಕಬ್ಯಾಡಿ, ನಾನೇ ಬತ್ತೀನಿ. ನಿಮ್ಮವ್ವನಿಗೆ ಹೇಳಿರಿ ಅಕ್ಕ, ನಂಗೆ ಸಕ್ಕರೆ ಒಸಿ ಜಾಸ್ತಿ ಬೇಕು."

ಅವಳ ತೋಳಿನ ಸುತ್ತ ಟೇಪು ಹಿಡಿದಿದ್ದೆ. ಅಳತೆ ಮರೆತುಹೋಗಿ ಮತ್ತೊಮ್ಮೆ ತೆಗೆದುಕೊಂಡೆ.